ಗುಡ್ಡ ಕೊರೆದು ತೋಟ ಮಾಡಿದ ಅಮೈ ಮಹಾಲಿಂಗ ನಾಯ್ಕರು

ಮರ ಏರಿ ಅಡಿಕೆ ಗೊನೆ ಕೊಯ್ಯುವವರು ನಮ್ಮ ಸದಸ್ಯರಿಗೆ ಹೊಸಬರಲ್ಲ. ಆದರೆ ಹಗಲೆಲ್ಲ ಆ ಕೂಲಿ ಮಾಡಿ, ಸಂಜೆಯಾದೊಡನೆ ದೀಪ ಹಿಡಿದು ಗುಡ್ಡದೊಳಗೆ ನುಗ್ಗುತ್ತಿದ್ದವರೊಬ್ಬರ ವಿಚಾರ ತಿಳಿಸಬೇಕೆಂದು ನಮಗೆ ಬಹಳ ದಿನದಿಂದ ಇತ್ತು.

ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಸಮೀಪದ ಅಮೈ ಮಹಾಲಿಂಗ ನಾಯ್ಕರೇ ಅವರು. 1978ರ ಸುಮಾರಿಗೆ ಯಜಮಾನರೊಬ್ಬರು ಅವರಿಗೆ ಎರಡು ಎಕರೆ ಜಾಗ ಕೊಟ್ಟರು. ಜಾಗವೇನೋ ಸಿಕ್ಕಿತು, ಆದರೆ ಬೋಳು ಗುಡ್ಡದ ಇಳಿಜಾರು, ಹನಿ ನೀರಿಲ್ಲ. ನೀರಿಲ್ಲದ ಅಡಿಕೆ ಸಸಿ ಬೇಸಿಗೆಯಲ್ಲಿ ಏನಾಗುತ್ತದೆಂದು ಬೆಳೆಗಾರರಿಗೆ ಹೇಳಬೇಕೆ!

ಬಾವಿ ತೋಡಿದರೆ ಮಣ್ಣೆತ್ತಲು ಇನ್ನೊಂದು ಆಳು ಬೇಕು, ನೀರೆತ್ತಲು ಪಂಪು ಬೇಕು. ಸುರಂಗವಾದರೆ ಒಬ್ಬನೇ ಅಗೆದು ಒಬ್ಬನೇ ಮಣ್ಣು ಹೊರಬಹುದು. ಕಾಸರಗೋಡು, ದಕ್ಷಿಣ ಕನ್ನಡಗಳಲ್ಲಿ ಇದು ಹಳೆಯ ವಿದ್ಯೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಮನುಷ್ಯ ಹೋಗಿ ಬರುವಷ್ಟು ಅಗಲಕ್ಕೆ ಕೊರೆಯುತ್ತಾರೆ. ತಳವನ್ನು ಬಾಯಿಯ ಕಡೆಗೆ ತುಸು ತಗ್ಗಾಗಿಟ್ಟರೆ ಒಳಗೆ ಒಸರುವ ನೀರು ತಾನಾಗಿ ಹೊರಗೆ ಹರಿಯುತ್ತದೆ. ಒಳಗೆ ಒಯ್ಯುವ ದೀಪ ಬೆಳಕಿಗಷ್ಟೇ ಅಲ್ಲ. ಅದು ಕುಂದಿದರೆ ಉಸಿರಾಡಲೂ ಗಾಳಿ ಸಾಲದೆಂದು ತಿಳಿದು ಕೂಡಲೇ ಹೊರಬರಬೇಕು. ಮಣ್ಣು ಕುಸಿದರಂತೂ, ಒಂಟಿಯಾಗಿ ಅಗೆಯುವವನ ಕೂಗು ಕೇಳುವವರಿಲ್ಲ.

ನಾಯ್ಕರ ಮೊದಲ ಸುರಂಗದಲ್ಲಿ ನೀರಿಲ್ಲ. ಎರಡನೆಯದರಲ್ಲೂ ಇಲ್ಲ. ಹೀಗೆ ಒಣ ಸುರಂಗಗಳು ಐದಾದವು, ವರ್ಷಗಳು ಉರುಳಿದವು. ಕಂಡವರು ನಕ್ಕರು. ಐದು ಸಲ ಬರಿಗೈಯಾದ ಮೇಲೂ ಹಗಲು ದುಡಿದ ಮೈಯಲ್ಲಿ ಮತ್ತೆ ಪಿಕಾಸಿ ಎತ್ತುವುದು ನಮ್ಮಂಥವರಿಂದ ಆಗುವ ಮಾತಲ್ಲ. ಆರನೆಯದರಲ್ಲಿ ನೀರು ಬಂತು! ಟಾಂಕಿ ಕಟ್ಟಿ, ಪಂಪಿಲ್ಲದೆ ಇಳಿಜಾರಿಗೆ ನೀರು ಬಿಟ್ಟು, ಸುಮಾರು 300 ಅಡಿಕೆ ಗಿಡಗಳನ್ನೂ ಜೊತೆಗೆ ತೆಂಗು, ಬಾಳೆ, ಕಾಳುಮೆಣಸನ್ನೂ ಬೆಳೆಸಿದರು. ಮಳೆನೀರು ಗುಡ್ಡದಲ್ಲೇ ಇಂಗಲೆಂದು ಇಂಗುಗುಂಡಿಗಳನ್ನೂ ತೋಡಿದರು. ಸುರಂಗವನ್ನು ಹೊಗಳುವವರು ಈ ಗುಂಡಿಗಳನ್ನು ಮರೆಯುತ್ತಾರೆ. ಇಂಗಿಸದಿದ್ದರೆ ಒಸರುವುದು ಎಲ್ಲಿಂದ? 2022ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು.

ಇದನ್ನೋದಿ ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆ ಕಡೆಯವರು ಪಿಕಾಸಿ ಹುಡುಕುವುದು ಬೇಡ. ಸುರಂಗಕ್ಕೆ ಮುರಕಲ್ಲು, ಇಳಿಜಾರು, ಜೋರು ಮಳೆ ಮೂರೂ ಕೂಡಿಬರಬೇಕು. ಆ ಬಯಲು ಸೀಮೆಯ ಗಟ್ಟಿ ನೆಲದಲ್ಲಿ ಹಿರಿಯರು ಮಳೆನೀರು ಹಿಡಿಯಲು ಕಂಡುಕೊಂಡ ದಾರಿ ಕೆರೆ. ಅಲ್ಲಿಯವರು ಇನ್ನೊಂದು ಕೊಳವೆಬಾವಿಗೆ ಸಾಲದ ಅರ್ಜಿ ಬರೆಯುವ ಮೊದಲು, ಊರ ಕೆರೆಗೆ ನೀರು ತರುವ ಕಾಲುವೆ ಹೂಳು ತುಂಬಿದೆಯೇ ಎಂದು ಒಮ್ಮೆ ನಡೆದು ನೋಡಿಬರಲಿ. ಅದು ಬೇಸಿಗೆಯ ಕೆಲಸ, ಮುಂಗಾರಿಗೆ ಮುನ್ನ ಮುಗಿಯಬೇಕು.