ಸಿಮೆಂಟು ಬೀಳುವ ಮೊದಲೇ ನೋಡಬೇಕು

1993ರ ಸೆಪ್ಟೆಂಬರ್ 30, ಬೆಳಗಿನ ಜಾವ 3.56. ಅನಂತ ಚತುರ್ದಶಿಯ ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. ಕಿಲ್ಲಾರಿಯ ಭೂಕಂಪ ಅಕ್ಕಲಕೋಟ ತಾಲೂಕಿನ ನಮ್ಮ ಹಳ್ಳಿಯನ್ನೂ ಅಲ್ಲಾಡಿಸಿತು. ನಮ್ಮ ಮಾಳಿಗೆ ಮನೆ ಬೀಳಲಿಲ್ಲ. ಹಿತ್ತಲ ಗೋಡೆಯ ಹೊರಮೈ ಮಾತ್ರ ಹೊಟ್ಟೆ ಉಬ್ಬಿ ನಿಂತಿತು. ಎಷ್ಟೋ ರಾತ್ರಿ ಅಂಗಳದಾಗ ಮಲಗಿದೆವು. ಅಜ್ಜ ಗೋಡೆ ಮುಟ್ಟಿ ನೋಡಿ, ‘ಇಷ್ಟು ದಪ್ಪ ಗ್ವಾಡಿಗೆ ಏನಾತೋ ತಮ್ಮಾ?’ ಅಂದ.

ಆಗ ನಾನು ಐದನೇ ಇಯತ್ತೆಯ ಹುಡುಗ. ಉತ್ತರ ಸಿಕ್ಕಿದ್ದು ಮುಂದೆ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಓದುವಾಗ. ದೋಷ ಇದ್ದದ್ದು ಆ ದಪ್ಪದಲ್ಲೇ. ಒಳಗೊಂದು ಹೊರಗೊಂದು ಕಲ್ಲಿನ ಸಾಲು, ನಡುವೆ ಚೂರುಗಲ್ಲು, ಮಣ್ಣು. ಎರಡೂ ಮೈ ಹಿಡಿದು ನಿಲ್ಲುವ ಉದ್ದನೆಯ ಕಲ್ಲು ಒಂದೂ ಇಲ್ಲ. ಮೇಲೆ ಮಾಳಿಗೆ ಮಣ್ಣಿನ ಭಾರ. ಕಿಲ್ಲಾರಿ ಸುತ್ತಮುತ್ತ ಸಾವಿರಾರು ಜನ ಸತ್ತದ್ದು ಇಂಥ ಮನೆಗಳಲ್ಲೇ. ಅದೇ 1993ರಲ್ಲಿ ಬಂದ ಐಎಸ್ 13828 ಎಂಬ ನಿಯಮ ಇದಕ್ಕೆ ಮದ್ದು ಹೇಳುತ್ತದೆ: ಕಲ್ಲಿನ ಗೋಡೆ 450 ಮಿಲಿಮೀಟರಿಗಿಂತ ದಪ್ಪ ಬೇಡ; ಪ್ರತಿ 600 ಮಿಲಿಮೀಟರ್ ಎತ್ತರಕ್ಕೆ, ಅಡ್ಡಲಾಗಿ 1.2 ಮೀಟರಿನೊಳಗೆ ಒಂದರಂತೆ, ಗೋಡೆಯುದ್ದಕ್ಕೂ ಆರುಪಾರು ಕಲ್ಲು ಬೇಕು. ಅಜ್ಜನಿಗೆ ಇದನ್ನು ಹೇಳಲು ಆತ ಉಳಿದಿರಲಿಲ್ಲ.

ಚೀಲದ ಬಾಯಿ ಹೊಲಿಯುವ ಮುನ್ನ

ತರಗತಿಯಲ್ಲಿ ನಕ್ಷೆ ಓದುವುದು, ಅಂದಾಜು ಪಟ್ಟಿ, ಸರ್ವೆ, ಕಾಂಕ್ರೀಟಿನ ಪರೀಕ್ಷೆ ಎಲ್ಲ ಕಲಿಸಿದರು. 15 ಸೆಂಟಿಮೀಟರಿನ ಕಾಂಕ್ರೀಟ್ ಗಟ್ಟಿಗಳನ್ನು 28 ದಿನ ನೀರಿನಲ್ಲಿಟ್ಟು ಯಂತ್ರದಲ್ಲಿ ಒಡೆದು ನೋಡಿದೆವು. ಆದರೆ 28ನೇ ದಿನ ‘ಫೇಲ್’ ಅಂದರೆ ಏನು ಬಂತು? ಅಷ್ಟರಲ್ಲಿ ಕಟ್ಟಡ ಮೇಲೆದ್ದಿರುತ್ತದೆ. ಆದ್ದರಿಂದ ತಪಾಸಣೆಯ ಜೀವ ಇರುವುದು ಕಾಂಕ್ರೀಟ್ ಬೀಳುವ ಮೊದಲಿನ ಆ ಒಂದು ತಾಸಿನಲ್ಲಿ.

ಇದನ್ನು ನನಗೆ ಕಲಿಸಿದವರು ಒಬ್ಬ ಕಾಳಿನ ವ್ಯಾಪಾರಿ. ಅವರ ಗೋದಾಮಿನ ಕೆಲಸದ ಮೇಲೆ ನಾನು ಹೊಸ ಸೂಪರ್‌ವೈಜರ್. ಕಂಬದ ಸಳಿಗೂ ಹಲಗೆಗೂ ನಡುವೆ 40 ಮಿಲಿಮೀಟರ್ ಜಾಗ ಇರಬೇಕೆಂದು ಐಎಸ್ 456 ಹೇಳುತ್ತದೆ. ಆ ಜಾಗ ಹಿಡಿಯುವ ಸಿಮೆಂಟಿನ ಬಿಲ್ಲೆಗಳನ್ನು ಕಟ್ಟಿರಲಿಲ್ಲ. ಕೇಳಿದರೆ ಗೌಂಡಿ, ‘ಸಾಹೇಬ್ರ, ಮಿಕ್ಸರ್ ಬಾಡಗಿ ಏರಾಕ್ಹತ್ತೈತ್ರಿ, ಏನೂ ಆಗಂಗಿಲ್ಲ, ಹಾಕೂಣ್ರಿ’ ಅಂದ. ನಾನು ಸಹಿ ಹಾಕಿದೆ. ಹಲಗೆ ಬಿಚ್ಚಿದಾಗ ಎರಡು ಕಂಬಗಳ ಒಂದು ಮೈಯಲ್ಲಿ ಸಳಿ ಹೊರಗೇ ಕಾಣುತ್ತಿತ್ತು. ಒಡೆದು ಮತ್ತೆ ಕಟ್ಟಬೇಕಾಯಿತು.

ಮಾಲಕರು ಸಿಟ್ಟಾಗಲಿಲ್ಲ. ‘ತಮ್ಮಾ, ನಾ ತೂಕ ನೋಡ್ಲಾರದ ಚೀಲದ ಬಾಯಿ ಹೊಲಿಯಂಗಿಲ್ಲ. ನೀ ಸಳಿ ನೋಡ್ಲಾರದ ಸಹಿ ಹೆಂಗ ಹಾಕಿದಿ?’ ಅಂದರು. ಅಂದಿನಿಂದ ಟೇಪು ಕಿಸೆಯಲ್ಲೇ ಇದೆ.

ನಮ್ಮ ಹುಡುಗರಿಗೆ ದಾರಿ

ಹತ್ತನೇ ಇಯತ್ತೆ ಮುಗಿಸಿದವರಿಗೆ ಸಿವಿಲ್ ಡಿಪ್ಲೊಮಾ ಮೂರು ವರ್ಷ. ಐಟಿಐನ ಡ್ರಾಫ್ಟ್ಸ್‌ಮನ್ ಸಿವಿಲ್ ಎರಡು ವರ್ಷ. ಅದನ್ನು ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಡಿಪ್ಲೊಮಾ ಆದವರಿಗೆ ಜಿಲ್ಲಾ ಪರಿಷತ್ತು, ನಗರಪಾಲಿಕೆ, ಲೋಕೋಪಯೋಗಿ ಇಲಾಖೆಗಳ ಜೂನಿಯರ್ ಇಂಜಿನಿಯರ್ ಪರೀಕ್ಷೆ ಉಂಟು. ನೌಕರಿ ಸಿಗದಿದ್ದರೆ ಖಾಸಗಿ ಕೆಲಸಗಳ ಗುಣಮಟ್ಟ ನೋಡುವವರೂ ಬೇಕು. ಭಾರತೀಯ ಮಾನಕ ಬ್ಯೂರೋದ ನಿಯಮಪುಸ್ತಕಗಳು ಈಗ ಅದರ ಜಾಲತಾಣದಲ್ಲಿ ಹಣವಿಲ್ಲದೆ ಸಿಗುತ್ತವೆ.

ಒಮ್ಮೆ ಓದಿದರೆ ಮುಗಿಯಿತು ಅನ್ನುವ ವಿದ್ಯೆ ಇದಲ್ಲ. 1993ರಲ್ಲಿ ಕಿಲ್ಲಾರಿ ಇದ್ದದ್ದು ನಕ್ಷೆಯ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿ. 2002ರಲ್ಲಿ ಆ ವಲಯವನ್ನೇ ತೆಗೆದು, ಕಿಲ್ಲಾರಿ ಭಾಗವನ್ನು ಮೂರನೇ ವಲಯಕ್ಕೆ ಏರಿಸಿದರು. ಪುಸ್ತಕ ಬದಲಾದಾಗ ನಾವೂ ಮತ್ತೆ ಓದಬೇಕು.

ಕನ್ನಡ ಶಾಲೆಯಿಂದ ಹೋದ ನನಗೆ ಮೊದಲ ವರ್ಷ ಇಂಗ್ಲಿಷಿನಲ್ಲಿ ಕಣ್ಣಿಗೆ ಕತ್ತಲೆ ಕಟ್ಟಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಕೆಲಸದ ಮೇಲೆ ನಿಂತಾಗ ಗಡಿಯ ಹುಡುಗನಿಗೇ ಹೆಚ್ಚಿನ ಬಲ. ನಿಯಮ ಇಂಗ್ಲಿಷಿನಲ್ಲಿ, ಕಚೇರಿಯ ಕಾಗದ ಮರಾಠಿಯಲ್ಲಿ, ಗೌಂಡಿ ಬಂದದ್ದು ಇಂಡಿಯಿಂದಲೋ ಆಳಂದದಿಂದಲೋ. ‘ಕವರ್ ಕಡಿಮೆಯಿದೆ’ ಅಂದರೆ ಆತ ತಲೆ ಅಲ್ಲಾಡಿಸಿ ಸುಮ್ಮನಾಗುತ್ತಾನೆ. ‘ಸಳಿಗೆ ಅಂಗಿ ಬ್ಯಾಡೇನಪಾ? ಬರಿಮೈಲೆ ಬಿಟ್ರ ಜಂಗ ತಿಂತೈತಿ’ ಅಂದರೆ ನಕ್ಕು, ತಾನೇ ಬಿಲ್ಲೆ ಕಟ್ಟುತ್ತಾನೆ.

ಮನೆ, ಗೋದಾಮು, ದನದ ಕೊಟ್ಟಿಗೆ ಕಟ್ಟಿಸುವವರಿಗೆ ಒಂದು ಮಾತು. ಸ್ಲ್ಯಾಬಿನ ಹಿಂದಿನ ದಿನ ಬಲ್ಲವರನ್ನು ಕರೆಸಿ ಸಳಿ ತೋರಿಸಿರಿ. ನಮ್ಮ ಬಿಸಿಲಿಗೆ ಕಾಂಕ್ರೀಟು ಕನಿಷ್ಠ ಹತ್ತು ದಿನ ಒದ್ದೆಯಾಗಿರಲಿ; ಈಗ ಹೆಚ್ಚಾಗಿ ಸಿಗುವ ಬೂದಿ ಬೆರೆತ ಸಿಮೆಂಟಾದರೆ ಹದಿನಾಲ್ಕು ದಿನ. ನಮ್ಮ ಹಿತ್ತಲ ಗೋಡೆಯನ್ನು ಬಿಚ್ಚಿ, ಆರುಪಾರು ಕಲ್ಲಿಟ್ಟು ಮತ್ತೆ ಕಟ್ಟಿಸಿದ್ದೇನೆ. ಹಿಂದಿಗಿಂತ ತೆಳುವಾಗಿದೆ. ಅವ್ವ ಈಗ ಅದರ ಬುಡದಲ್ಲೇ ಹಾಸಿಗೆ ಹಾಸುತ್ತಾಳೆ.