ಹರ್ಪಿಸ್: ಲಜ್ಜೆ ಬೇಡ, ಸಕಾಲಿಕ ಪರೀಕ್ಷೆ ಬೇಕು

ಕಳೆದ ವರ್ಷ ಜಾತ್ರೆಯ ಅಂಗವಾಗಿ ನಡೆದ ಆರೋಗ್ಯ ತಪಾಸಣಾ ಶಿಬಿರದ ಕೊನೆಯ ಗಳಿಗೆ. ಎಲ್ಲರೂ ಹೋದ ಮೇಲೆ ಮೂವತ್ತರ ಆಸುಪಾಸಿನ ಯುವಕನೊಬ್ಬ ನನ್ನ ಮುಂದೆ ಬಂದು ಕುಳಿತ. ಮಾತು ಹೊರಡಲು ಬಹಳ ಹೊತ್ತು ಹಿಡಿಯಿತು. ಎರಡು ದಿನಗಳಿಂದ ಜನನಾಂಗದ ಮೇಲೆ ಸಣ್ಣ ನೀರುಗುಳ್ಳೆಗಳ ಗುಂಪು, ಉರಿ, ಮೈಕೈ ನೋವು. ಯಾರೋ ‘ಸರ್ಪಸುತ್ತು’ ಎಂದರೆಂದು ಬೇವಿನೆಲೆ, ಅರಿಸಿನ ಅರೆದು ಹಚ್ಚಿದ್ದ. “ಡಾಕ್ಟರೇ, ಬೇಗ ಒಣಗುವಂಥದ್ದೇನಾದರೂ ಕೊಡಿ. ಮನೆಯವಳಿಗೆ ತಿಳಿಯುವುದು ಬೇಡ, ಅವಳಿಗೆ ಈಗ ಐದು ತಿಂಗಳು” ಎಂದ.

ಆತನ ಕೊನೆಯ ಮಾತು ಕೇಳಿ ನಾನು ಎಚ್ಚೆತ್ತೆ. “ತಮ್ಮಾ, ಒಣಗಿಸುವ ಅವಸರ ಬೇಡ. ಗುಳ್ಳೆ ಹಸಿಯಾಗಿರುವಾಗಲೇ ಪರೀಕ್ಷೆಯಾಗಬೇಕು. ನಿನ್ನ ಮಡದಿಗೂ ವಿಷಯ ತಿಳಿಯಬೇಕು” ಎಂದೆ. ಆ ದಂಪತಿಗಳ ಒಪ್ಪಿಗೆ ಪಡೆದು, ಗುರುತು ತಿಳಿಯದಂತೆ ಈ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳೋಣ. ನಾವು ಸರ್ಪಸುತ್ತು ಎನ್ನುವುದು ಸೀತಾಳೆ ಸಿಡುಬಿನ ವೈರಾಣುವಿನಿಂದ ಬರುವ ವ್ಯಾಧಿ. ಇಲ್ಲಿ ಹೇಳುತ್ತಿರುವ ಹರ್ಪಿಸ್‌ನ ವೈರಾಣು ಬೇರೆ. ಅದರಲ್ಲಿ ಎರಡು ಬಗೆ. ಒಂದನೆಯದು ಹೆಚ್ಚಾಗಿ ತುಟಿಯಂಚಿನಲ್ಲಿ ಗುಳ್ಳೆ ಎಬ್ಬಿಸುತ್ತದೆ. ಬಹಳಷ್ಟು ಜನರಿಗೆ ಬಾಲ್ಯದಲ್ಲೇ ಅಂಟಿರುತ್ತದೆ. ಎರಡನೆಯದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಒಂದನೆಯ ಬಗೆಯೂ ಜನನಾಂಗಕ್ಕೆ ತಗಲಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜಿನಂತೆ, 15ರಿಂದ 49 ವರ್ಷದೊಳಗಿನ ಸುಮಾರು 52 ಕೋಟಿ ಜನರಲ್ಲಿ ಎರಡನೆಯ ಬಗೆಯ ಸೋಂಕಿದೆ. ಅವರಲ್ಲಿ ಹೆಚ್ಚಿನವರಿಗೆ ಅದರ ಅರಿವೇ ಇರುವುದಿಲ್ಲ.

ಪರೀಕ್ಷೆಯಲ್ಲಿ ಕಾಲವೇ ಮುಖ್ಯ. ಗುಳ್ಳೆ ಎದ್ದ ಒಂದೆರಡು ದಿನಗಳಲ್ಲಿ ಅದರ ದ್ರವವನ್ನು ಹತ್ತಿಯ ಕಡ್ಡಿಯಿಂದ ತೆಗೆದು ಮಾಡುವ ಪಿಸಿಆರ್ ಪರೀಕ್ಷೆ ಅತ್ಯಂತ ವಿಶ್ವಾಸಾರ್ಹ. ಗುಳ್ಳೆ ಒಣಗಿ ಹಕ್ಕಳೆಗಟ್ಟಿದರೆ ಸೋಂಕಿದ್ದರೂ ‘ಇಲ್ಲ’ ಎಂದು ಬರಬಹುದು. ಆದ್ದರಿಂದ ಲೇಪ, ಸುಣ್ಣ, ಮುಲಾಮು ಹಚ್ಚದೆ ವೈದ್ಯರಿಗೆ ತೋರಿಸಬೇಕು. ಈ ಪರೀಕ್ಷೆ ಎಲ್ಲ ಊರುಗಳಲ್ಲಿ ದೊರೆಯದಿದ್ದರೂ ಅನುಭವಿ ಚರ್ಮ ಮತ್ತು ಗುಹ್ಯರೋಗ ತಜ್ಞರು ಪರಿಶೀಲಿಸಿಯೇ ಚಿಕಿತ್ಸೆ ಆರಂಭಿಸಬಲ್ಲರು.

ಗುಳ್ಳೆ ಇಲ್ಲದಿದ್ದಾಗ ರಕ್ತದಲ್ಲಿ ಐಜಿಜಿ ಪ್ರತಿಕಾಯ ಹುಡುಕುತ್ತಾರೆ. ಸೋಂಕು ತಗಲಿದ ಮೇಲೆ ಅದು ಕಾಣಿಸಿಕೊಳ್ಳಲು 12 ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬೇಕು. ಎರಡನೆಯ ಬಗೆಯ ಪರೀಕ್ಷೆಯಲ್ಲಿ ಅಂಕಿ ಅಲ್ಪವಾಗಿದ್ದರೆ ಅದು ತಪ್ಪು ಫಲಿತಾಂಶವೂ ಆಗಿರಬಹುದು. ಬೇರೆ ವಿಧಾನದಿಂದ ದೃಢಪಡಿಸಿಕೊಳ್ಳಬೇಕು. ಐಜಿಎಂ ಪರೀಕ್ಷೆಯನ್ನು ನೆಚ್ಚುವಂತಿಲ್ಲ. ಜೊತೆಗೆ ಎಚ್‌ಐವಿ ಹಾಗೂ ಸಿಫಿಲಿಸ್ ಪರೀಕ್ಷೆಗಳನ್ನೂ ಮಾಡಿಸುವುದು ಅವಶ್ಯ. ಜಿಲ್ಲಾ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಇಂಥ ರೋಗಗಳಿಗೆ ಉಚಿತ ಸಲಹೆ, ಚಿಕಿತ್ಸೆ ದೊರೆಯುತ್ತವೆ, ಗೌಪ್ಯತೆಯನ್ನೂ ಕಾಪಾಡುತ್ತಾರೆ.

ಸೋಂಕು ಯಾವಾಗ ತಗಲಿತು, ಯಾರಿಂದ ಬಂತು ಎಂಬುದನ್ನು ಯಾವ ವರದಿಯೂ ಹೇಳಲಾರದು. ವೈರಾಣು ಬೆನ್ನುಹುರಿಯ ಬಳಿಯ ನರಗ್ರಂಥಿಗಳಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು ಮುಂದೊಂದು ದಿನ ಮೊದಲ ಬಾರಿಗೆ ಕಾಣಿಸಿಕೊಳ್ಳಬಹುದು. ಆದ್ದರಿಂದ ವರದಿಯ ಕಾಗದ ಹಿಡಿದು ಹೆಂಡತಿಯ ಮೇಲೆ ಗಂಡನಾಗಲಿ, ಗಂಡನ ಮೇಲೆ ಹೆಂಡತಿಯಾಗಲಿ ಶೀಲದ ಆರೋಪ ಹೊರಿಸುವುದು ಅನ್ಯಾಯ.

ನಾನು ಆಯುರ್ವೇದ ವೈದ್ಯ. ಜನನೇಂದ್ರಿಯದ ವ್ರಣಗಳನ್ನು ಸುಶ್ರುತಾಚಾರ್ಯರು ಉಪದಂಶವೆಂಬ ಹೆಸರಿನಲ್ಲಿ ವರ್ಣಿಸಿದ್ದಾರೆ. ಪಥ್ಯ, ನಿದ್ರೆ, ಮನಃಶಾಂತಿಗಳ ಮಹತ್ವವನ್ನು ನಾನೂ ನಂಬುತ್ತೇನೆ. ಆದರೆ ಈ ವೈರಾಣುವನ್ನು ದೇಹದಿಂದ ಪೂರ್ಣವಾಗಿ ಹೊರಹಾಕುವ ಔಷಧ ಆಯುರ್ವೇದದಲ್ಲಿಯೂ ಇಲ್ಲ, ಅಲೋಪತಿಯಲ್ಲಿಯೂ ಇಲ್ಲ. ಬೇರುಸಹಿತ ಕಿತ್ತುಹಾಕುವೆವೆಂಬ ಜಾಹೀರಾತುಗಳಿಗೆ ಮರುಳಾಗಬೇಡಿ. ಅಸೈಕ್ಲೋವಿರ್‌ನಂತಹ ಮಾತ್ರೆಗಳನ್ನು ವೈದ್ಯರ ಸಲಹೆಯಂತೆ ಬೇಗ ಆರಂಭಿಸಿದರೆ ಹುಣ್ಣು ಬೇಗ ಮಾಯುತ್ತದೆ, ನೋವೂ ತಗ್ಗುತ್ತದೆ.

ಸಂಗಾತಿಗೆ ಹರಡದಂತೆ ತಡೆಯುವ ಕ್ರಮಗಳಿವು. ಜುಮುಗುಟ್ಟುವಿಕೆ, ಉರಿ ಆರಂಭವಾದಾಗಿನಿಂದ ಹುಣ್ಣು ಪೂರ್ಣ ಮಾಯುವವರೆಗೆ ದೇಹಸಂಪರ್ಕ ಸಲ್ಲದು. ಹುಣ್ಣಿಲ್ಲದ ದಿನಗಳಲ್ಲಿಯೂ ಚರ್ಮದಿಂದ ವೈರಾಣು ಹೊರಬೀಳಬಹುದು. ಆದ್ದರಿಂದ ಕಾಂಡೋಮ್ ಬಳಸಬೇಕು. ಅದು ಅಪಾಯವನ್ನು ಕಡಿಮೆ ಮಾಡುತ್ತದೆಯೇ ಹೊರತು ಪೂರ್ತಿ ನೀಗಿಸದು. ವೈದ್ಯರು ಸೂಚಿಸಿದಂತೆ ನಿತ್ಯ ವಾಲಾಸೈಕ್ಲೋವಿರ್ ಸೇವಿಸಿದರೆ ಎರಡನೆಯ ಬಗೆಯ ವೈರಾಣು ಸಂಗಾತಿಗೆ ತಗಲುವ ಸಂಭವ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹುಣ್ಣು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಶೌಚಾಲಯ, ಹಾಸಿಗೆಗಳಿಂದ ಇದು ಹರಡುವುದಿಲ್ಲ. ಮನೆಯವರನ್ನು ದೂರವಿಡುವ ಅಗತ್ಯವಿಲ್ಲ.

ಗರ್ಭಿಣಿಯರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಕೊನೆಯ ಮೂರು ತಿಂಗಳಲ್ಲಿ ತಾಯಿಗೆ ಹೊಸದಾಗಿ ಸೋಂಕು ತಗಲಿದರೆ ಹೆರಿಗೆಯ ವೇಳೆ ಶಿಶುವಿಗೆ ದಾಟುವ ಸಂಭವ 30ರಿಂದ 50 ಪ್ರತಿಶತ. ಶಿಶುವಿನಲ್ಲಿ ಅದು ಪ್ರಾಣಾಂತಿಕವಾಗಬಲ್ಲದು. ಹಳೆಯ ಸೋಂಕಾಗಿದ್ದರೆ ಈ ಸಂಭವ ತೀರ ಕಡಿಮೆ. ಗಂಡನಿಗೆ ಸೋಂಕಿದ್ದು ಹೆಂಡತಿಗೆ ಇಲ್ಲದಿದ್ದರೆ ಆ ಮೂರು ತಿಂಗಳು ಸಂಯಮವೇ ರಕ್ಷೆ. ಹೆರಿಗೆ ವೈದ್ಯರಿಂದ ಏನನ್ನೂ ಮುಚ್ಚಿಡಬಾರದು. ತುಟಿಯಲ್ಲಿ ಗುಳ್ಳೆ ಇರುವವರು ಎಳೆಗೂಸನ್ನು ಮುದ್ದಿಡಬಾರದು.

ಆ ಯುವಕನ ಪರೀಕ್ಷೆಯಲ್ಲಿ ಎರಡನೆಯ ಬಗೆಯ ಹರ್ಪಿಸ್ ಖಚಿತವಾಯಿತು. ಮಡದಿಗೆ ಹೇಳಲು ಆತ ಎರಡು ದಿನ ತೊಳಲಾಡಿದ. ಆಕೆ ಅತ್ತಳು, ಕೆಲವು ದಿನ ಮಾತುಬಿಟ್ಟಳು. ಬಳಿಕ ಇಬ್ಬರೂ ಒಟ್ಟಿಗೆ ಹೆರಿಗೆ ವೈದ್ಯರ ಬಳಿಗೆ ಹೋದರು. ಆಕೆಯ ರಕ್ತದಲ್ಲಿ ಆಗಲೂ, 12 ವಾರಗಳ ಬಳಿಕವೂ ಸೋಂಕು ಕಾಣಲಿಲ್ಲ. ಹೆರಿಗೆಯವರೆಗೆ ಇಬ್ಬರೂ ನಿಯಮ ಪಾಲಿಸಿದರು. ಮಗು ಆರೋಗ್ಯವಾಗಿದೆ. ಅಂದು ಆತ ನನ್ನಿಂದ ಲೇಪವೊಂದನ್ನು ಪಡೆದು ಸುಮ್ಮನೆ ಮನೆಗೆ ಮರಳಿದ್ದರೆ ಏನಾಗುತ್ತಿತ್ತೋ! ನಿಮ್ಮಲ್ಲಿ ಯಾರಿಗಾದರೂ ಇಂಥ ಲಕ್ಷಣ ಕಂಡರೆ ಆ ದಿನವೇ ವೈದ್ಯರನ್ನು ಕಾಣಿರಿ. ಬಾಳಸಂಗಾತಿಯನ್ನೂ ಜೊತೆಗೆ ಕರೆದೊಯ್ಯಿರಿ.