ವಿಮಾನದ ಬಾಲಫಲಕದ ಪಕ್ಕೆಲುಬುಗಳು: ಅವುಗಳ ಜೋಡಣೆ ಮತ್ತು ಅಂಟುಗಾರಿಕೆ

೧. ವಿಷಯ ಪ್ರವೇಶ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿಯೇ ಮಂಡಕಳ್ಳಿಯ ವಿಮಾನ ನಿಲ್ದಾಣವಿರುವುದರಿಂದ, ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಜನರಿಗೆ ವಿಮಾನವೆಂಬುದು ಅಪರೂಪದ ನೋಟವಲ್ಲ. ಆದರೆ ಅದರ ಮೈಯೊಳಗಿನ ಕಟ್ಟಡವು ಹೇಗಿರುತ್ತದೆಂಬುದನ್ನು ಬಲ್ಲವರು ಕೆಲವರೇ. ಬಿಡಿಭಾಗಗಳನ್ನು ತರಿಸಿಕೊಂಡು ಸ್ವಂತ ಕೈಯಿಂದ ಜೋಡಿಸುವ ಚಿಕ್ಕ ವಿಮಾನಗಳು ಹಲವು ದೇಶಗಳಲ್ಲಿ ಬಳಕೆಯಲ್ಲಿವೆ. ಅವುಗಳಲ್ಲಿ ಮರದಿಂದಾದವುಗಳ ನಿರ್ಮಾಣವನ್ನು ಬಹುಮಟ್ಟಿಗೆ ಬಾಲದಿಂದಲೇ ಆರಂಭಿಸುವುದು ವಾಡಿಕೆ. ಬಾಲದ ಭಾಗಗಳು ಚಿಕ್ಕವು; ಕೆಟ್ಟರೆ ನಷ್ಟವು ಅಲ್ಪ; ಅಲ್ಲಿ ಪಳಗಿದ ಕೈ ಮುಂದೆ ರೆಕ್ಕೆಯ ಕೆಲಸಕ್ಕೆ ಅರ್ಹವಾಗುತ್ತದೆ. ಈ ಲೇಖನದಲ್ಲಿ ನಾವು ಬಾಲಫಲಕದ ಪಕ್ಕೆಲುಬುಗಳನ್ನು ಜೋಡಿಸಿ ಅಂಟಿಸುವ ಕ್ರಮವನ್ನೂ, ಅದರ ಹಿಂದಿರುವ ಕಾರಣಗಳನ್ನೂ ವಿವರಿಸಲು ಯತ್ನಿಸುತ್ತೇವೆ.

ನಮ್ಮ ನಾಡಿಗೆ ಈ ವಿದ್ಯೆ ಹೊಸದಲ್ಲ. ೧೯೪೦ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯಲ್ಲಿ ಡಾ. ವಿ. ಎಂ. ಘಾಟಗೆಯವರು ಹತ್ತು ಜನ ಕೂರಬಲ್ಲ ಗ್ಲೈಡರನ್ನು ರೂಪಿಸಿದರು. ೧೯೬೧ರಲ್ಲಿ ಮೊದಲು ಹಾರಿದ 'ರೋಹಿಣಿ' ಎಂಬ ಭಾರತೀಯ ಗ್ಲೈಡರು ಮರದ್ದೇ ಆಗಿತ್ತು.

೨. ತೇರಿನ ಮರಗೆಲಸ ಮತ್ತು ವಿಮಾನದ ಮರಗೆಲಸ

ನಂಜನಗೂಡಿನ ಶ್ರೀಕಂಠೇಶ್ವರ ಸ್ವಾಮಿಯ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳನ್ನು ಎಳೆಯುತ್ತಾರೆ. ಅವುಗಳಲ್ಲಿ ಗೌತಮ ರಥವೇ ದೊಡ್ಡದು. ತೇರಿನ ಕೆಲಸದಲ್ಲಿ ದಪ್ಪ ತೊಲೆಗಳನ್ನು ಕಚ್ಚು ಹಾಕಿ ಕೂಡಿಸಿ, ಬೆಣೆ ಕೀಲುಗಳಿಂದ ಬಿಗಿಯುವುದು ಸಂಪ್ರದಾಯ. ಅಲ್ಲಿ ಭಾರವು ದೋಷವಲ್ಲ. ಸಡಿಲವಾದ ಕೀಲು ಕಣ್ಣಿಗೆ ಕಾಣುತ್ತದೆ. ಮತ್ತೆ ಬಡಿದು ಬಿಗಿಮಾಡಬಹುದು.

ವಿಮಾನದಲ್ಲಿ ಈ ಅನುಕೂಲಗಳಿಲ್ಲ. ಪಕ್ಕೆಲುಬಿಗೆ ಬಳಸುವ ಸ್ಪ್ರೂಸ್ ಮರದ ಕಡ್ಡಿಯು ಅನೇಕ ವೇಳೆ ಕಾಲು ಅಂಗುಲ ಚೌಕದ್ದು ಮಾತ್ರ. ಅದಕ್ಕೆ ಕೀಲು ಹಾಕಲು ತೂತು ಕೊರೆದರೆ ಮರವೇ ಉಳಿಯದು. ಇನ್ನು ಭಾರದ ಮಾತು. ಬಾಲವು ವಿಮಾನದ ಗುರುತ್ವ ಕೇಂದ್ರದಿಂದ ೧೨ ಅಡಿ ಹಿಂದಕ್ಕೂ, ಎಂಜಿನು ೪ ಅಡಿ ಮುಂದಕ್ಕೂ ಇದೆಯೆಂದು ಭಾವಿಸೋಣ. ಬಾಲದಲ್ಲಿ ಒಂದು ಪೌಂಡು ಹೆಚ್ಚಾದರೆ ಅದನ್ನು ಸರಿದೂಗಿಸಲು ಎಂಜಿನಿನ ಬಳಿ ಮೂರು ಪೌಂಡು ಸೇರಿಸಬೇಕಾಗುತ್ತದೆ. ಆದುದರಿಂದ ಇಲ್ಲಿ ಬಲವೆಲ್ಲವೂ ಅಂಟಿನಿಂದಲೇ ಬರಬೇಕು.

೩. ಜೋಡಣೆಯ ಕ್ರಮ

ಮೊದಲು ಪಕ್ಕೆಲುಬಿನ ಪೂರ್ಣಪ್ರಮಾಣದ ನಕ್ಷೆಯನ್ನು ಸಮತಟ್ಟಾದ ಹಲಗೆಯ ಮೇಲೆ ಅಂಟಿಸಿ, ಅಂಟು ಹಿಡಿಯದಂತೆ ಮೇಣದ ಕಾಗದವನ್ನು ಹೊದಿಸಬೇಕು. ರೇಖೆಯ ಎರಡು ಬದಿಗಳಲ್ಲಿ ಮರದ ಚಿಕ್ಕ ತುಂಡುಗಳನ್ನು ಮೊಳೆ ಹೊಡೆದು ನಿಲ್ಲಿಸಿದರೆ ಅದು ಅಚ್ಚುಹಲಗೆಯಾಗುತ್ತದೆ. ಕಡ್ಡಿಗಳನ್ನು ಈ ತುಂಡುಗಳ ನಡುವೆ ಕೂರಿಸುವುದರಿಂದ ಒಂದೇ ಅಳತೆಯ ಪಕ್ಕೆಲುಬುಗಳೆಲ್ಲವೂ ಒಂದೇ ಆಕಾರಕ್ಕೆ ಬರುತ್ತವೆ. ಆಕಾರದಲ್ಲಿ ಅಲ್ಪ ಭೇದವಾದರೂ ಮೇಲೆ ಹೊದಿಸಿದ ಬಟ್ಟೆಯು ಬಿಗಿದಾಗ ಫಲಕವು ಅಂಕುಡೊಂಕಾಗುತ್ತದೆ.

ಕಡ್ಡಿಯ ತುದಿಯನ್ನು ಇನ್ನೊಂದು ಕಡ್ಡಿಗೆ ಒತ್ತಿ ಅಂಟಿಸಿದರೆ ಸಾಲದು. ಮರದ ಕೊಯ್ದ ತುದಿಯಲ್ಲಿ ನಾರಿನ ಬಾಯಿಗಳು ತೆರೆದಿದ್ದು, ಅವು ಅಂಟನ್ನು ಹೀರಿಬಿಡುತ್ತವೆ. ಆದ ಕಾರಣ ಪ್ರತಿ ಸಂಧಿಯ ಎರಡು ಮೈಗಳಿಗೂ ತೆಳುವಾದ ಪ್ಲೈವುಡ್ಡಿನ ಮೂಲೆಪಟ್ಟಿಗಳನ್ನು ಅಂಟಿಸುತ್ತಾರೆ. ಕಾಲು ಅಂಗುಲ ಚೌಕದ ಕಡ್ಡಿಯ ತುದಿಯ ವಿಸ್ತಾರ ೧/೧೬ ಚದರಂಗುಲ. ಮೂಲೆಪಟ್ಟಿಯು ಅದೇ ಕಡ್ಡಿಯ ಮೇಲೆ ಒಂದು ಅಂಗುಲ ಉದ್ದ ಹರಡಿದರೆ, ಎರಡು ಮೈಗಳಿಂದ ೧/೨ ಚದರಂಗುಲ ದೊರೆಯುತ್ತದೆ. ಅಂಟುವ ವಿಸ್ತಾರವು ಎಂಟು ಪಟ್ಟಾಯಿತು. ಅದೂ ನಾರಿನ ಪಕ್ಕದ ಮೈಯಲ್ಲಿ, ಅಂಟು ಚೆನ್ನಾಗಿ ಹಿಡಿಯುವ ಕಡೆ.

೪. ಅಂಟಿನ ಆಯ್ಕೆ

ನಮ್ಮ ಬಡಗಿಗಳು ಬಲ್ಲ ಮರವಜ್ರವು ಪ್ರಾಣಿಗಳ ಚರ್ಮ, ಮೂಳೆಗಳಿಂದ ಬಂದ ಅಂಟು. ನೀರು ತಾಗಿದರೆ ಬಿಡುತ್ತದೆ. ಹಿಂದಿನ ಕಾಲದ ವಿಮಾನಗಳಲ್ಲಿ ಹಾಲಿನ ಕೇಸಿನ್ನಿಗೆ ಸುಣ್ಣವನ್ನು ಬೆರೆಸಿದ ಅಂಟನ್ನು ಬಳಸುತ್ತಿದ್ದರು. ಅದು ನೀರನ್ನು ಸ್ವಲ್ಪ ತಡೆಯುವುದಾದರೂ, ಸದಾ ತೇವವಿದ್ದಲ್ಲಿ ಬೂಷ್ಟು ಹಿಡಿದು ಕ್ಷೀಣಿಸುತ್ತದೆ. ಪ್ರೋಟೀನಿನ ಅಂಟು ನೀರಿಗೆ ಹೇಗೆ ಸೋಲುತ್ತದೆಂಬುದನ್ನು ನರಸೀಪುರದ ರೇಷ್ಮೆ ನೂಲು ಬಿಚ್ಚಾಣಿಕೆಯನ್ನು ಕಂಡವರು ಬಲ್ಲರು: ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದೊಡನೆ, ಎಳೆಗಳನ್ನು ಬೆಸೆದಿದ್ದ ಸೆರಿಸಿನ್ ಎಂಬ ಅಂಟು ಮೆತ್ತಗಾಗಿ ಎಳೆಯು ಬಿಚ್ಚಿಕೊಳ್ಳುತ್ತದೆ.

ಇಂಗ್ಲೆಂಡಿನಲ್ಲಿ ಡಿ ಬ್ರೂಯ್ನ್ ಎಂಬುವರು ೧೯೩೦ರ ದಶಕದಲ್ಲಿ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟನ್ನು ಬಳಕೆಗೆ ತಂದರು. ರಿಸಾರ್ಸಿನಾಲ್ ಅಂಟು ಅದಕ್ಕಿಂತಲೂ ದೃಢವಾದುದು. ಕುದಿಯುವ ನೀರನ್ನೂ ತಡೆಯುತ್ತದೆ. ಆದರೆ ಅದಕ್ಕೆ ಸಂದಿಲ್ಲದ ಕೂಡಿಕೆಯೂ ಬಲವಾದ ಒತ್ತಡವೂ ಬೇಕು. ಈಗ ಹೆಚ್ಚಾಗಿ ಬಳಸುವ ಎಪಾಕ್ಸಿಯು ಚಿಕ್ಕ ಸಂದುಗಳನ್ನು ತುಂಬಬಲ್ಲದು, ಲಘು ಒತ್ತಡವೂ ಸಾಕು. ಆದರೆ ಅತಿಶಾಖದಲ್ಲಿ ಮೃದುವಾಗುತ್ತದೆ. ನಮ್ಮ ಬಿಸಿಲಿನಲ್ಲಿ ನಿಲ್ಲುವ ವಿಮಾನಕ್ಕೆ ಗಾಢವರ್ಣವನ್ನು ಬಳಿಯಬಾರದೆಂಬುದಕ್ಕೆ ಇದೇ ಕಾರಣ.

೫. ಹವೆ ಮತ್ತು ತೇವಾಂಶ

ಕಪಿಲೆಯ ದಡದ ನಂಜನಗೂಡೂ, ಕಪಿಲಾ ಕಾವೇರಿಗಳ ಸಂಗಮದ ನರಸೀಪುರವೂ ಮಳೆಗಾಲದಲ್ಲಿ ತೇವದ ಹವೆಯುಳ್ಳವು. ಬೇಸಗೆಯ ಮಧ್ಯಾಹ್ನಗಳಲ್ಲಿ ಗಾಳಿಯು ಬಹಳ ಒಣಗಿರುತ್ತದೆ. ಮರವು ಸುತ್ತಲಿನ ಗಾಳಿಗೆ ಅನುಗುಣವಾಗಿ ತೇವವನ್ನು ಹೀರುತ್ತದೆ, ಬಿಡುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ ೩೦ ಇದ್ದರೆ ಮರದ ತೇವಾಂಶ ಸುಮಾರು ಶೇಕಡ ೬, ಆರ್ದ್ರತೆ ೬೫ ಇದ್ದರೆ ಸುಮಾರು ೧೨, ೮೫ ಮೀರಿದರೆ ೧೭ಕ್ಕೂ ಹೆಚ್ಚು. ಅಂಟಿಸುವಾಗ ೮ರಿಂದ ೧೨ರೊಳಗಿರುವುದು ಕ್ಷೇಮ. ಇದನ್ನು ಅಳೆಯುವುದು ಸುಲಭ: ೫೬ ಗ್ರಾಂ ತೂಗುವ ತುಂಡೊಂದನ್ನು ೧೦೩ ಡಿಗ್ರಿ ಸೆಂಟಿಗ್ರೇಡಿನ ಒಲೆಯಲ್ಲಿ, ತೂಕವು ಇಳಿಯುವುದು ನಿಲ್ಲುವ ತನಕ ಒಣಗಿಸಿದಾಗ ೫೦ ಗ್ರಾಂ ಉಳಿದರೆ, ತೇವಾಂಶವು ಶೇಕಡ ೧೨.

ಅಂಟು ತಪ್ಪಿದರೆ ಫಲವೇನೆಂಬುದಕ್ಕೆ ಚರಿತ್ರೆಯಲ್ಲಿ ನಿದರ್ಶನವಿದೆ. ೧೯೪೪ರಲ್ಲಿ ಭಾರತದಲ್ಲಿದ್ದ ಮಾಸ್ಕಿಟೊ ಎಂಬ ಮರದ ಯುದ್ಧವಿಮಾನಗಳಲ್ಲಿ ಕೆಲವು ಆಕಾಶದಲ್ಲಿಯೇ ಮುರಿದು, ಚಾಲಕರು ಮೃತರಾದರು. ಉಳಿದವನ್ನು ಹಾರಿಸದೆ ನಿಲ್ಲಿಸಿ ಪರೀಕ್ಷಿಸಬೇಕಾಯಿತು. ನಮ್ಮ ಹವೆಯೇ ದೋಷಿಯೆಂಬ ಊಹೆ ಮೊದಲು ಹುಟ್ಟಿತು. ಪರೀಕ್ಷಿಸಿದಾಗ, ತಯಾರಿಕೆಯಲ್ಲಿಯೇ ಮರದ ಭಾಗಗಳು ಸರಿಯಾಗಿ ಕೂಡದೆ ಸಂದು ಬಿಟ್ಟಿದ್ದುದೂ ಕಂಡುಬಂತು.

೬. ಪರೀಕ್ಷೆ

ಅಂಟುವ ಮೈಗಳು ಹೊಸದಾಗಿ ಕೀಸಿದವಾಗಿದ್ದು, ಧೂಳು, ಎಣ್ಣೆ, ಬೆವರು ಇಲ್ಲದಿರಬೇಕು. ಅಂಟನ್ನು ತೂಗಿಯೇ ಬೆರೆಸಬೇಕು, ಕಣ್ಣಂದಾಜು ಸಲ್ಲದು. ಒತ್ತಿದಾಗ ಸಂಧಿಯ ಸುತ್ತಲೂ ಅಂಟಿನ ಸಣ್ಣ ಹನಿಗಳು ಹೊರಗೆ ಕಾಣಬೇಕು. ಕಾಣದಿದ್ದರೆ ಒಳಗೆ ಬರಿದಾಗಿದೆಯೆಂದೇ ಭಾವಿಸಬೇಕು. ಒಂದೊಂದು ಸಲ ಬೆರೆಸಿದ ಅಂಟಿನಿಂದಲೂ ಎರಡು ಬೇರೆ ತುಂಡುಗಳನ್ನು ಅಂಟಿಸಿ, ದಿನಾಂಕವನ್ನು ಬರೆದಿಟ್ಟು, ಅಂಟು ಪೂರ್ಣವಾಗಿ ಗಟ್ಟಿಯಾದ ಮೇಲೆ ಮುರಿದು ನೋಡಬೇಕು. ಮರದ ನಾರೇ ಹರಿದಿದ್ದರೆ ಅಂಟು ಮರಕ್ಕಿಂತ ಬಲವಾಗಿದೆ. ಅಂಟಿನ ಮೈ ನುಣ್ಣಗೆ ಬಿಟ್ಟುಕೊಂಡಿದ್ದರೆ, ಆ ಸಲದ ಅಂಟಿನಿಂದ ಮಾಡಿದ ಪಕ್ಕೆಲುಬುಗಳೆಲ್ಲವನ್ನೂ ತಿರಸ್ಕರಿಸಬೇಕು. ಅವು ನೋಡಲು ಎಷ್ಟೇ ಅಂದವಾಗಿದ್ದರೂ ದಯೆ ತೋರಬಾರದು.

೭. ಉಪಸಂಹಾರ

ಒಂದು ಪಕ್ಕೆಲುಬಿನ ತೂಕ ಕೆಲವೇ ತೊಲ. ಅದರ ಕೆಲಸವಾದರೋ ವಿಮಾನದ ಮೂಗನ್ನು ಏರಿಸಿ ಇಳಿಸುವ ಫಲಕದ ಆಕಾರವನ್ನು ಕಾಯುವುದು. ಬಟ್ಟೆ ಹೊದಿಸಿದ ಮೇಲೆ ಸಂಧಿಗಳು ಸುಲಭವಾಗಿ ಕಣ್ಣಿಗೆ ಬೀಳವು. ಆದುದರಿಂದ ಅಂಟಿನ ಗುಣವನ್ನು ನಿಶ್ಚಯಿಸಿಕೊಳ್ಳತಕ್ಕ ಕಾಲವು ಅಚ್ಚುಹಲಗೆಯ ಮುಂದೆ ಕುಳಿತಿರುವಾಗಲೇ. ಉಳಿ, ಗರಗಸಗಳಲ್ಲಿ ಪಳಗಿದ ನಮ್ಮ ಗ್ರಾಮಗಳ ಕುಶಲಕರ್ಮಿಗಳಿಗೆ ಈ ಕೆಲಸದ ಕೈಚಳಕವು ಕಷ್ಟವಾಗದು. ಅದಕ್ಕೆ ತಕ್ಕಡಿ, ಉಷ್ಣಮಾಪಕ, ದಿನಚರಿ ಪುಸ್ತಕ ಇವು ಮೂರೂ ಜೊತೆಗೂಡಿದರೆ ಕೆಲಸವು ನಂಬಿಕೆಗೆ ಅರ್ಹವಾಗುತ್ತದೆಂಬುದು ನಮ್ಮ ಅಭಿಪ್ರಾಯ.